ಕಾಯಕದ ನೆಲದಲ್ಲಿ ಕೂಲಿಯ ಮಾತು: ಮಖ್ದೂಮ್ ಮೊಹಿಯುದ್ದೀನ್ ಮತ್ತು ಹೈದರಾಬಾದ್ ಸಂಸ್ಥಾನದ ಕಾರ್ಮಿಕರು

(ಗೋರ್ಟಾ (ಬಿ) ಗ್ರಾಮದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಗೋರ್ಟಾದಲ್ಲಿ ಮಾತಿಗೆ ನಿಂತವರು ಮೊದಲು 1948ರ ಮೇ ತಿಂಗಳನ್ನು ನೆನೆಯಬೇಕು. ನಿಜಾಮರ ಆಳ್ವಿಕೆಯ ಪರ ನಿಂತ ರಜಾಕಾರರ ದಾಳಿಯಲ್ಲಿ ಇಲ್ಲಿ ಇನ್ನೂರರಷ್ಟು ಜನ ಪ್ರಾಣ ಕಳೆದುಕೊಂಡರೆಂದು ಈ ಊರು ಇಂದಿಗೂ ಹೇಳುತ್ತದೆ. ಆ ಹುತಾತ್ಮರಿಗೆ ತಲೆಬಾಗಿ ಮಾತು ಆರಂಭಿಸುತ್ತೇನೆ.

ಇವತ್ತು ನಾನು ಮಾತಾಡಲಿರುವುದು ಹೈದರಾಬಾದ್ ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳನ್ನು ಕಟ್ಟಿದ ಮೊದಲ ತಲೆಮಾರಿನ ನಾಯಕ ಮಖ್ದೂಮ್ ಮೊಹಿಯುದ್ದೀನ್ ಅವರ ಬಗ್ಗೆ. ಅವರು ಈ ಸೀಮೆಯಲ್ಲಿ ಹುಟ್ಟಿದವರಲ್ಲ, ಅವರ ಬರಹವೆಲ್ಲ ಉರ್ದುವಿನಲ್ಲಿದೆ. ಆದರೂ ಅವರ ಬದುಕನ್ನು ಗೋರ್ಟಾದಲ್ಲೇ ನೆನೆಯಬೇಕೆಂದು ನಾನು ಆರಿಸಿಕೊಂಡೆ. ಯಾವ ಆಳ್ವಿಕೆಯ ಕೆಳಗೆ ಈ ಊರು ನಲುಗಿತೋ ಆ ಆಳ್ವಿಕೆಯನ್ನು ರಾಜಧಾನಿಯ ಗಿರಣಿಗಳಿಂದ, ರೈಲ್ವೆ ಕಾರ್ಖಾನೆಗಳಿಂದ ಎದುರಿಸಿ ನಿಂತವರು ಅವರು. 1948ರ ಕಥೆಯನ್ನು ನಾವು ಊರಿನ ಕಡೆಯಿಂದ ಕೇಳಿದ್ದೇವೆ. ದುಡಿಯುವವರ ಸಂಘದ ಕಡೆಯಿಂದ ಕೇಳಿದ್ದು ಕಡಿಮೆ. ಆ ಕೊರತೆಯನ್ನು ಇವತ್ತು ಸ್ವಲ್ಪವಾದರೂ ತುಂಬಬೇಕೆಂಬುದು ನನ್ನ ಆಸೆ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳುತ್ತೇನೆ. ಕಲ್ಯಾಣದ ಶರಣರು ದುಡಿಮೆಗೆ ಮಾನ ಕೊಟ್ಟರು. ಆ ಮಾನಕ್ಕೆ ತಕ್ಕ ಕೂಲಿಯನ್ನು ಒಡೆಯನ ದಯೆಯಿಂದ ಬಿಡಿಸಿ ಹಕ್ಕಾಗಿ ಮಾಡಿದ್ದು ಕಾರ್ಮಿಕ ಸಂಘ. ಹಕ್ಕಿಗಾಗಿ ಒಟ್ಟಿಗೆ ಕೂತವರು ಜಾತಿ, ಧರ್ಮ, ಭಾಷೆಗಳನ್ನು ದಾಟಿ ಒಂದು ಕಡೆಯವರಾದರು. ಮಖ್ದೂಮರ ಜೀವನ ಇದಕ್ಕೆ ಸಾಕ್ಷಿ.

ಆ ಸಂಸ್ಥಾನ ಹೇಗಿತ್ತು

ಎಳೆಯರಿಗಾಗಿ ಆ ಕಾಲದ ಚಿತ್ರವನ್ನು ಸ್ವಲ್ಪ ವಿವರಿಸುತ್ತೇನೆ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳು. 1941ರ ಜನಗಣತಿಯ ಹೊತ್ತಿಗೆ ಒಂದೂವರೆ ಕೋಟಿಗೂ ಹೆಚ್ಚು ಜನ. ತೆಲುಗು ಮಾತಾಡುವವರು ಅರ್ಧಕ್ಕೆ ಹತ್ತಿರ, ಮರಾಠಿಯವರು ಕಾಲು ಭಾಗ, ಉಳಿದವರಲ್ಲಿ ಕನ್ನಡಿಗರು ಮತ್ತು ಉರ್ದು ಭಾಷಿಕರು. ಬೀದರ್, ಕಲಬುರಗಿ, ರಾಯಚೂರು ನಮ್ಮ ಜಿಲ್ಲೆಗಳು. ನೆಲದ ಹತ್ತು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಜಾಗೀರುದಾರರ ಕೈಯಲ್ಲೂ ನಿಜಾಮರ ಖಾಸಗಿ ಆಸ್ತಿಯಾದ ಸರ್ಫ್-ಎ-ಖಾಸ್‌ನಲ್ಲೂ ಇತ್ತು. ಇಲ್ಲಿಗೆ ಹತ್ತಿರದ ಕಲ್ಯಾಣಿಯೂ ನವಾಬರ ಜಾಗೀರು. ಜಾಗೀರಿನ ರೈತ ತನ್ನ ಹೊಲದಲ್ಲಿ ದುಡಿದ ಮೇಲೆ ಒಡೆಯನ ಮನೆಯಲ್ಲಿ ಬಿಟ್ಟಿ ಚಾಕರಿಯನ್ನೂ ಮಾಡಬೇಕಿತ್ತು. ಕೂಲಿ ಎಷ್ಟೆಂದು ಕೇಳುವ ಹಕ್ಕು ಅವನಿಗಿರಲಿಲ್ಲ.

ಸಭೆ ಸೇರುವುದಕ್ಕೂ ಕಟ್ಟುಪಾಡು. ಗಶ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆಗೆ ಸರ್ಕಾರದ ಅಪ್ಪಣೆ ಬೇಕು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಸರಿಯಾಗಿ ಕಣ್ಣು ಬಿಡುವ ಮೊದಲೇ ಸರ್ಕಾರ ಅದನ್ನು ನಿಷೇಧಿಸಿತು. ಹಾಗಾಗಿ ಜನರ ರಾಜಕೀಯ ಭಾಷೆಯ ಹೆಸರಿನ ಸಂಸ್ಥೆಗಳಲ್ಲಿ ಬೆಳೆಯಿತು. ತೆಲುಗರಿಗೆ ಆಂಧ್ರ ಮಹಾಸಭಾ, ಮರಾಠಿಗರಿಗೆ ಮಹಾರಾಷ್ಟ್ರ ಪರಿಷತ್ತು, ನಮಗೆ 1937ರಲ್ಲಿ ರೂಪುಗೊಂಡ ಕರ್ನಾಟಕ ಪರಿಷತ್ತು. ಮೂರೂ ದೊಡ್ಡ ಕೆಲಸ ಮಾಡಿದವು. ಆದರೆ ಮೂರೂ ಭಾಷೆಯವರು ದಿನವೂ ಒಂದೇ ಸೂರಿನಡಿ ಸೇರುತ್ತಿದ್ದ ಜಾಗ ಬೇರೆ ಇತ್ತು. ಅದೇ ಕಾರ್ಖಾನೆ.

ಕಲಬುರಗಿಯಲ್ಲಿ ಮೆಹಬೂಬ್ ಶಾಹಿ ಗಿರಣಿ ಇತ್ತು. ಎಂಎಸ್‌ಕೆ ಮಿಲ್ ಎಂದರೆ ಇಂದಿಗೂ ಆ ಬಡಾವಣೆಗೆ ಆಟೋದವರು ಕರೆದೊಯ್ಯುತ್ತಾರೆ. ನಾಂದೇಡದಲ್ಲಿ ಉಸ್ಮಾನ್ ಶಾಹಿ, ವರಂಗಲ್ಲಿನಲ್ಲಿ ಆಜಂ ಜಾಹಿ, ಹೈದರಾಬಾದಿನಲ್ಲಿ ದಿವಾನ್ ಬಹದ್ದೂರ್ ರಾಮಗೋಪಾಲ್ ಗಿರಣಿ. ಶಹಾಬಾದಿನಲ್ಲಿ ಸಿಮೆಂಟು, ಸಿಂಗರೇಣಿಯಲ್ಲಿ ಕಲ್ಲಿದ್ದಲು, ಬೋಧನದಲ್ಲಿ ಸಕ್ಕರೆ, ರಾಜಧಾನಿಯಲ್ಲಿ ಚಾರ್ಮಿನಾರ್ ಸಿಗರೇಟು ತಯಾರಿಸುತ್ತಿದ್ದ ವಜೀರ್ ಸುಲ್ತಾನ್ ಕಂಪನಿ, ಲಾಲಾಗುಡದಲ್ಲಿ ರೈಲ್ವೆ ವರ್ಕ್‌ಶಾಪು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಇವೆಲ್ಲ ಹಗಲು ರಾತ್ರಿ ನಡೆದವು. ಧಾನ್ಯದ ಬೆಲೆ ಏರಿತು, ಪಗಾರ ಏರಲಿಲ್ಲ.

ದೇಶದ ಉಳಿದ ಭಾಗದಲ್ಲಿ ಅಷ್ಟರಲ್ಲಿ ಕಾರ್ಮಿಕ ಚಳವಳಿಗೆ ನೆಲೆ ಸಿಕ್ಕಿತ್ತು. 1920ರಲ್ಲಿ ಮುಂಬಯಿಯಲ್ಲಿ ಲಾಲಾ ಲಜಪತ ರಾಯರ ಅಧ್ಯಕ್ಷತೆಯಲ್ಲಿ ಎಐಟಿಯುಸಿ ಹುಟ್ಟಿತು. 1926ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ವಾರಕ್ಕೆ 60 ಗಂಟೆ ಇದ್ದ ದುಡಿಮೆಯ ಮಿತಿ 1934ರಲ್ಲಿ 54ಕ್ಕೆ, 1946ರಲ್ಲಿ 48ಕ್ಕೆ ಇಳಿಯಿತು. ಈ ಕಾಯ್ದೆಗಳು ನಿಜಾಮರ ಗಡಿಯೊಳಗೆ ನಡೆಯುತ್ತಿರಲಿಲ್ಲ. ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುವ ಅಣ್ಣನಿಗಿದ್ದ ಕಾನೂನು ಕಲಬುರಗಿಯ ಗಿರಣಿಯಲ್ಲಿ ದುಡಿಯುವ ತಮ್ಮನಿಗೆ ಇರಲಿಲ್ಲ.

ಅಂದೋಲಿನ ಹುಡುಗ

ಮಖ್ದೂಮರು ಹುಟ್ಟಿದ್ದು 1908ರ ಫೆಬ್ರುವರಿ 4ರಂದು, ಅಂದಿನ ಮೆದಕ್ ಜಿಲ್ಲೆಯ ಅಂದೋಲಿನಲ್ಲಿ. ಮೆದಕ್ ಆಗ ನಮ್ಮ ಬೀದರಿಗೆ ನೆರೆಯ ಜಿಲ್ಲೆಯಾಗಿತ್ತು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಚಿಕ್ಕಪ್ಪ ಬಶೀರುದ್ದೀನ್ ಸಾಕಿದರು. ಮನೆಯಲ್ಲಿ ಕಟ್ಟುನಿಟ್ಟಿನ ಧರ್ಮಾಚರಣೆ. ಮಸೀದಿಯ ಅಂಗಳ ಗುಡಿಸುವುದು, ನೀರು ಸೇದಿ ತುಂಬಿಸುವುದು ಹುಡುಗನ ಪಾಲಿನ ಕೆಲಸ. ರಷ್ಯಾದಲ್ಲಿ ಕ್ರಾಂತಿಯಾಗಿದೆ, ಅಲ್ಲಿ ಇನ್ನು ಮೇಲೆ ಬಡವ ಬಲ್ಲಿದ ಎಲ್ಲರೂ ಒಂದೇ ದಸ್ತರ್‌ಖಾನಿನ ಮೇಲೆ ಉಣ್ಣುತ್ತಾರಂತೆ ಎಂಬ ಸುದ್ದಿಯನ್ನು ಹುಡುಗ ಮೊದಲು ಕೇಳಿದ್ದು ಆ ಚಿಕ್ಕಪ್ಪನ ಬಾಯಿಂದಲೇ. ಧರ್ಮನಿಷ್ಠ ಹಿರಿಯರೊಬ್ಬರು ಸಹಪಂಕ್ತಿಯ ಊಟದ ಮಾತನ್ನು ಮೆಚ್ಚಿ ಹೇಳಿದ್ದು ಆ ಎಳೆಯ ಮನಸ್ಸಿನಲ್ಲಿ ನಿಂತುಬಿಟ್ಟಿತು. ಜಾತಿಯ ಪಂಕ್ತಿಭೇದವನ್ನು ಎಂಟುನೂರು ವರ್ಷಗಳ ಹಿಂದೆಯೇ ಪ್ರಶ್ನಿಸಿದ ಕಲ್ಯಾಣದ ನೆರೆಯಲ್ಲಿರುವ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು.

ಓದಲು ಹೈದರಾಬಾದಿಗೆ ಬಂದ ಮಖ್ದೂಮರು ಚಿಲ್ಲರೆ ಕೆಲಸಗಳನ್ನು ಮಾಡಿ ಹೊಟ್ಟೆ ಹೊರೆದುಕೊಂಡು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಎಂಎ ಮುಗಿಸಿದರು. ರವೀಂದ್ರನಾಥ ಟಾಗೋರರ ಕಾವ್ಯದ ಮೇಲೆ ಪುಸ್ತಕ ಬರೆದರು. ಬರ್ನಾರ್ಡ್ ಷಾ ನಾಟಕವೊಂದನ್ನು ಉರ್ದುವಿಗೆ ಒಗ್ಗಿಸಿ ಆಡಿದರು. ಸಿಟಿ ಕಾಲೇಜಿನಲ್ಲಿ ಉರ್ದು ಅಧ್ಯಾಪಕರಾದರು. ಅಂದಿನ ಹೈದರಾಬಾದಿನಲ್ಲಿ ಸರ್ಕಾರಿ ಕಾಲೇಜಿನ ನೌಕರಿ ಎಂದರೆ ಒಂದು ಕುಟುಂಬದ ಬಾಳು ಹಸನಾದಂತೆ. ಕವಿಯೆಂದು ಹೆಸರು ಬಂದಿತ್ತು, ಮುಷಾಯಿರಾಗಳಲ್ಲಿ ಜನ ಕಾದು ಕೂತು ಕೇಳುತ್ತಿದ್ದರು. ಆ ನೌಕರಿಯನ್ನು ಬಿಟ್ಟು ಅವರು ಪೂರ್ಣಾವಧಿ ಕಾರ್ಮಿಕ ಕಾರ್ಯಕರ್ತರಾದರು. ಅನಾಥನಾಗಿ ಬೆಳೆದು, ಹಸಿವನ್ನು ಕಂಡು, ಕೊನೆಗೆ ಕೈಗೆ ಬಂದ ಭದ್ರತೆಯನ್ನು ತಾನಾಗಿ ಕೆಳಗಿಡುವುದಕ್ಕೆ ಬಹಳ ದೊಡ್ಡ ಮನಸ್ಸು ಬೇಕು.

ಸಂಘ ಕಟ್ಟಿದ ಬಗೆ

1939ರಲ್ಲಿ ಹೈದರಾಬಾದಿನ ಯುವಕರು ಕಾಮ್ರೇಡ್ಸ್ ಅಸೋಸಿಯೇಷನ್ ಕಟ್ಟಿದರು. ಮಖ್ದೂಮರು ಅದರ ಜೀವಾಳವಾಗಿದ್ದರು. ಅವರ ಜೊತೆಗಾರರಲ್ಲಿ ಮುಖ್ಯರು ರಾಜ್ ಬಹದ್ದೂರ್ ಗೌರ್. ವೈದ್ಯಕೀಯ ಓದಿದವರು, ರೋಗಿಯ ನಾಡಿ ಬಿಟ್ಟು ಗಿರಣಿಯ ನಾಡಿ ಹಿಡಿದವರು. ಇವರ ಗುಂಪು ರಾಜಧಾನಿಯ ಗಿರಣಿ, ಸಿಗರೇಟು ಕಾರ್ಖಾನೆ, ರೈಲ್ವೆಗಳಲ್ಲಿ ಸಂಘ ಕಟ್ಟುತ್ತ ಹೋಯಿತು. 1946ರಲ್ಲಿ ಇಡೀ ಸಂಸ್ಥಾನಕ್ಕೆ ಒಂದು ಒಕ್ಕೂಟವಾಗಿ ಆಲ್ ಹೈದರಾಬಾದ್ ಟ್ರೇಡ್ ಯೂನಿಯನ್ ಕಾಂಗ್ರೆಸ್ ನಿಂತಿತು. ಅದನ್ನು ನಿಲ್ಲಿಸಿದವರಲ್ಲಿ ಮಖ್ದೂಮರು ಅಗ್ರಗಣ್ಯರು.

ಸಂಘ ಕಟ್ಟುವುದೆಂದರೆ ಏನೆಂದು ಇಲ್ಲಿರುವ ವಿದ್ಯಾರ್ಥಿಗಳು ತಿಳಿಯಬೇಕು. ಭಾಷಣ ಅದರ ಸಣ್ಣ ಭಾಗ. ಪಾಳಿ ಮುಗಿದ ಮೇಲೆ ದಣಿದ ಜನರನ್ನು ಗೇಟಿನ ಹತ್ತಿರ ಹಿಡಿದು ನಿಲ್ಲಿಸಬೇಕು. ತಿಂಗಳಿಗೆ ಇಷ್ಟು ಆಣೆ ಎಂದು ಚಂದಾ ಎತ್ತಿ, ರಸೀದಿ ಕೊಟ್ಟು, ಲೆಕ್ಕ ಇಡಬೇಕು. ಯಾರ ಕೈ ಯಂತ್ರಕ್ಕೆ ಸಿಕ್ಕಿತು, ಯಾರ ಪಗಾರ ಮುರಿದರು, ಯಾರನ್ನು ಕಾರಣ ಹೇಳದೆ ತೆಗೆದರು ಎಂದು ಬರೆದಿಟ್ಟುಕೊಳ್ಳಬೇಕು. ಬೇಡಿಕೆಗಳ ಪಟ್ಟಿ ಮಾಡಿ ಮಾಲೀಕನ ಮುಂದೆ ಕೂರಬೇಕು. ಅಲ್ಲಿಯತನಕ ಮ್ಯಾನೇಜರನ ಮುಂದೆ ನಿಂತೇ ಮಾತಾಡುತ್ತಿದ್ದ ಕೂಲಿಯವನು ಮೊದಲ ಸಲ ಅವನೆದುರು ಕುರ್ಚಿಯಲ್ಲಿ ಕೂತದ್ದು ಸಂಘದ ಪ್ರತಿನಿಧಿಯಾದಾಗ.

ಇನ್ನೊಂದು ಮುಖ್ಯ ಸಂಗತಿ ಇದೆ. ಚಂದಾ ಪುಸ್ತಕದಲ್ಲಿ ಹೆಸರು ಬರೆಯುವಾಗ ಧರ್ಮದ ಕಾಲಂ ಇರುವುದಿಲ್ಲ. ನೂಲು ತೆಗೆಯುವ ಮುಸ್ಲಿಮ್, ಬಾಯ್ಲರಿಗೆ ಕಲ್ಲಿದ್ದಲು ಹಾಕುವ ದಲಿತ, ನೇಯುವ ಪದ್ಮಶಾಲಿ ಎಲ್ಲರೂ ಒಂದೇ ಭತ್ಯೆಗೆ, ಒಂದೇ ರಜೆಗೆ ಕೈ ಎತ್ತುತ್ತಾರೆ. 1927ರಲ್ಲಿ ಹುಟ್ಟಿದ ಇತ್ತೆಹಾದುಲ್ ಮುಸಲ್ಮೀನ್ ಸಂಘಟನೆ ಬಡ ಮುಸ್ಲಿಮನಿಗೂ ನೀನು ಆಳುವ ಜನಾಂಗದವನು ಎಂದು ಹೇಳಿಕೊಡುತ್ತಿತ್ತು. ಮಖ್ದೂಮರು ಅದೇ ಮುಸ್ಲಿಮನ ಕೈಯಲ್ಲಿ ಪಗಾರದ ಚೀಟಿ ಇಟ್ಟು, ನೀನು ಆಳುವವನಾದರೆ ಈ ಪಗಾರ ಯಾಕೆ ಇಷ್ಟು ಎಂದು ಯೋಚಿಸಲು ಹಚ್ಚಿದರು. ಅರಮನೆಗೆ ಅವರ ಸಂಘಗಳು ಅಪಾಯವೆನಿಸಿದ್ದಕ್ಕೆ ಇದೇ ಕಾರಣವೆಂದು ನಾನು ಭಾವಿಸುತ್ತೇನೆ.

ಕಾವ್ಯವೂ ಈ ಕೆಲಸಕ್ಕೆ ಜೊತೆಯಾಯಿತು. 1944ರಲ್ಲಿ ಬಂದ ಅವರ ಮೊದಲ ಸಂಕಲನದ ಹೆಸರು ಸುರ್ಖ್ ಸವೇರಾ, ಅಂದರೆ ಕೆಂಪು ಮುಂಜಾವು. ಹವೇಲಿ ಎಂಬ ಅವರ ಕವಿತೆ ಕುಸಿಯುತ್ತಿರುವ ಹಳೆಯ ಮಹಲನ್ನು ಚಿತ್ರಿಸಿ ಇಡೀ ಜಾಗೀರು ವ್ಯವಸ್ಥೆಯನ್ನು ಕಣ್ಣ ಮುಂದೆ ತರುತ್ತದೆ. ಅವರು ಬರೆದ ಸ್ವಾತಂತ್ರ್ಯದ ಹಾಡುಗಳನ್ನು ಓದು ಬಾರದ ಕಾರ್ಮಿಕರೂ ಬಾಯಿಪಾಠ ಮಾಡಿಕೊಂಡರು.

ಭೂಗತ ವರ್ಷಗಳು

1946ರ ಅಕ್ಟೋಬರಿನಲ್ಲಿ ಒಕ್ಕೂಟದ ಕರೆಯ ಮೇಲೆ ದಮನದ ವಿರುದ್ಧ ಸಂಸ್ಥಾನದಲ್ಲಿ ಮುಷ್ಕರ ನಡೆಯಿತು. ಸರ್ಕಾರ ನಾಯಕರ ಬೆನ್ನು ಹತ್ತಿತು. ಮಖ್ದೂಮರು ಭೂಗತರಾದರು. ಅಷ್ಟು ಹೊತ್ತಿಗೆ ತೆಲಂಗಾಣದ ಹಳ್ಳಿಗಳಲ್ಲಿ ದೇಶಮುಖ ಜಮೀನ್ದಾರರ ವಿರುದ್ಧ, ಬಿಟ್ಟಿ ಚಾಕರಿಯ ವಿರುದ್ಧ ರೈತರು ಎದ್ದಿದ್ದರು. 1947ರ ಸೆಪ್ಟೆಂಬರ್ 11ರಂದು ಕಮ್ಯುನಿಸ್ಟ್ ಪಕ್ಷದ ರಾವಿ ನಾರಾಯಣ ರೆಡ್ಡಿ, ಬದ್ದಂ ಎಲ್ಲಾ ರೆಡ್ಡಿ ಮತ್ತು ಮಖ್ದೂಮ್ ಮೂವರೂ ಸಹಿ ಹಾಕಿ ನಿಜಾಮರ ಆಳ್ವಿಕೆಯ ವಿರುದ್ಧ ಸಶಸ್ತ್ರ ಹೋರಾಟಕ್ಕೆ ಕರೆ ಕೊಟ್ಟರು.

ಆ ಹೋರಾಟ 1948ರಲ್ಲಿ ಭಾರತೀಯ ಸೇನೆ ಬಂದ ಮೇಲೂ 1951ರ ಅಕ್ಟೋಬರಿನವರೆಗೆ ಮುಂದುವರಿಯಿತು. ಅದರ ಕೊನೆಯ ಮೂರು ವರ್ಷಗಳ ಬಗ್ಗೆ ಆ ಪಕ್ಷದೊಳಗೇ ತೀವ್ರ ಭಿನ್ನಮತವಿತ್ತು. ರಾವಿ ನಾರಾಯಣ ರೆಡ್ಡಿಯವರೇ ಅದನ್ನು ಒಪ್ಪಲಿಲ್ಲ. ನನ್ನ ಅಭಿಪ್ರಾಯವೂ ಅದೇ. ನಾಯಕರು ಭೂಗತರಾದಷ್ಟು ಕಾಲ ಗಿರಣಿಯ ಗೇಟಿನಲ್ಲಿ ಚಂದಾ ಎತ್ತುವ, ಲೆಕ್ಕ ಇಡುವ, ಮಾತುಕತೆಗೆ ಕೂರುವ ಕೆಲಸ ಸೊರಗಿತು. ತೆರೆದ ಬಾಗಿಲಲ್ಲಿ ನಡೆಯಬೇಕಾದ ಸಂಸ್ಥೆ ಸಂಘ. 1951ರಲ್ಲಿ ಮಖ್ದೂಮರ ಬಂಧನವಾಯಿತು. ಮರುವರ್ಷ ಬಿಡುಗಡೆಯಾಗಿ ಚುನಾವಣೆಗೆ ನಿಂತರು.

ಗೋರ್ಟಾದಿಂದ ನೋಡಿದಾಗ

ಈ ವರ್ಷಗಳಲ್ಲೇ ಗೋರ್ಟಾದ ದುರಂತ ನಡೆಯಿತು. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಹಳ್ಳಿಗೆ ನುಗ್ಗಿದರು. 1948ರ ಆಗಸ್ಟಿನಲ್ಲಿ ಹೈದರಾಬಾದಿನ ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ರಜಾಕಾರರು ಬೀದಿಯಲ್ಲಿ ಕೊಂದರು. ಸಂಸ್ಥಾನ ಭಾರತಕ್ಕೆ ಸೇರಲಿ ಎಂದು ಬರೆದದ್ದೇ ಆತನ ಅಪರಾಧ. ಗೋರ್ಟಾದ ರೈತ, ಶೋಯೆಬುಲ್ಲಾ ಖಾನ್, ತಲೆಮರೆಸಿಕೊಂಡು ಓಡಾಡುತ್ತಿದ್ದ ಮಖ್ದೂಮ್ ಮೂವರ ವೈರಿಯೂ ಒಬ್ಬನೇ. ಈ ಮಾತನ್ನು ನಮ್ಮ ಮಕ್ಕಳ ಇತಿಹಾಸದ ಪಾಠದಲ್ಲಿ ಸ್ಪಷ್ಟವಾಗಿ ಹೇಳಬೇಕು.

ಅದೇ ವರ್ಷ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತೀಯ ಸೇನೆಗೆ ಶರಣಾಯಿತು. ಆ ಬಳಿಕದ ವಾರಗಳಲ್ಲಿ ಬೀದರ್, ಕಲಬುರಗಿ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ರಜಾಕಾರರ ಪಾಪಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಬಡ ಮುಸ್ಲಿಮರೂ ಹತರಾದರೆಂದು ಭಾರತ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲರ ಸಮಿತಿ ವರದಿ ಮಾಡಿತು. ನೋವುಂಡ ಈ ಊರಿನಲ್ಲಿ ಇದನ್ನು ಹೇಳಲು ಧೈರ್ಯ ಬಂದದ್ದು, ನೋವುಂಡವರೇ ಇನ್ನೊಬ್ಬರ ನೋವನ್ನು ಬಲ್ಲರು ಎಂಬ ನಂಬಿಕೆಯಿಂದ. ಆ ದಿನಗಳಲ್ಲಿ ಹಳ್ಳಿಗಳಲ್ಲಿ ಗಿರಣಿಯ ಸಂಘದಂಥ ಸಂಘವೊಂದು ಇದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು ಎಂದು ನನಗೆ ಅನಿಸುತ್ತದೆ. ಹೊಲದ ಕೂಲಿಕಾರರ ಸಂಘಟನೆ ತೆಲಂಗಾಣದಷ್ಟು ಆಳವಾಗಿ ನಮ್ಮ ಕನ್ನಡ ಜಿಲ್ಲೆಗಳಲ್ಲಿ ಬೇರು ಬಿಡಲಿಲ್ಲ. ಅದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ.

ಸದನದಲ್ಲಿ, ಸಭೆಯಲ್ಲಿ

1952ರಲ್ಲಿ ಮಖ್ದೂಮರು ಹುಜೂರ್‌ನಗರ ಕ್ಷೇತ್ರದಿಂದ ಹೈದರಾಬಾದ್ ವಿಧಾನಸಭೆಗೆ ಆರಿಸಿ ಬಂದರು. ಅಂದಿನ ಆ ಸಭೆಯಲ್ಲಿ ನಮ್ಮ ಬೀದರ್, ಕಲಬುರಗಿ, ರಾಯಚೂರಿನ ಶಾಸಕರೂ ಇದ್ದರು. ಹಾಗಾಗಿ 1956ರಲ್ಲಿ ಭಾಷಾವಾರು ಪ್ರಾಂತಗಳಾಗಿ ನಾವು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅವರು ಕೂತ ಸದನ ನಮ್ಮ ಸದನವೂ ಆಗಿತ್ತು. ನಡುವೆ ಕೆಲ ಕಾಲ ವಿಯೆನ್ನಾದಲ್ಲಿ ಜಾಗತಿಕ ಕಾರ್ಮಿಕ ಒಕ್ಕೂಟದ ಕೆಲಸ ಮಾಡಿದರು. ಬಳಿಕ ಆಂಧ್ರಪ್ರದೇಶದ ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದರು.

ಬಿಸಾತ್-ಎ-ರಖ್ಸ್ ಕೃತಿಗೆ 1969ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್ 25ರಂದು ದೆಹಲಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಗಡಿಯಾಚೆಯ ಮಹಾಕವಿ ಫೈಜ್ ಅಹ್ಮದ್ ಫೈಜ್ ಮಖ್ದೂಮರ ನೆನಪಿಗೆ ಗಜಲು ಬರೆದರು. 1982ರ ಬಜಾರ್ ಚಿತ್ರದಲ್ಲಿ ಲತಾ ಮಂಗೇಶ್ಕರ್ ಮತ್ತು ತಲತ್ ಅಜೀಜ್ ಹಾಡಿದ ಮಖ್ದೂಮರ ಗಜಲನ್ನು ನಿಮ್ಮಲ್ಲಿ ಅನೇಕರು ಬರೆದವರ ಹೆಸರು ತಿಳಿಯದೆಯೇ ಗುನುಗಿದ್ದೀರಿ. ಹೈದರಾಬಾದಿನ ಹಿಮಾಯತ್‌ನಗರದಲ್ಲಿರುವ ಮಖ್ದೂಮ್ ಭವನಕ್ಕೆ ಕಾರ್ಮಿಕರು ಇಂದಿಗೂ ತಮ್ಮ ದೂರು ಹಿಡಿದು ಬರುತ್ತಾರೆ.

ನಮಗೆ ಉಳಿದ ಕೆಲಸ

ಕಲ್ಯಾಣದ ಶರಣರು ಕಾಯಕವನ್ನು ಪೂಜೆಗೆ ಸಮ ಮಾಡಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ಆಯ್ದಕ್ಕಿ ಮಾರಯ್ಯ ಅನುಭವ ಮಂಟಪದಲ್ಲಿ ಮಂತ್ರಿಗೆ ಸಮವಾಗಿ ಕೂತರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಲಕ್ಕಮ್ಮ ತಿರುಗಿ ಕಳಿಸಿದಳು. ಈ ಮೌಲ್ಯವನ್ನು ನಾವು ಬಡವನಿಗೆ ಮಾತ್ರ ಬೋಧಿಸುತ್ತ ಬಂದಿದ್ದೇವೆ. ದುಡಿಯುವವನಿಗೆ ಕಾಯಕದ ಪಾಠ ಹೇಳುವಷ್ಟೇ ಗಟ್ಟಿಯಾಗಿ, ದುಡಿಸಿಕೊಳ್ಳುವವನಿಗೆ ಅಗತ್ಯಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡ ಎಂದು ಹೇಳಿದ್ದರೆ ಸಂಘಗಳು ಹುಟ್ಟುವ ಅಗತ್ಯವೇ ಇರುತ್ತಿರಲಿಲ್ಲ. ಮಖ್ದೂಮರ ಸಂಘ ಲಕ್ಕಮ್ಮನ ಮಾತನ್ನು ಮಾಲೀಕನ ಮೇಜಿನ ಮುಂದೆ ಇಟ್ಟಿತು ಎಂದೇ ನಾನು ತಿಳಿಯುತ್ತೇನೆ.

ಈಗ ನಮ್ಮ ಸುತ್ತ ನೋಡಿ. ಬಸವಕಲ್ಯಾಣದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ, ರಿಪೇರಿ ಮಾಡುವ ಸಣ್ಣ ಶೆಡ್ಡುಗಳು, ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಹುಡುಗರು, ಸುಗ್ಗಿಯಲ್ಲಿ ಮುಕಾದಮನಿಂದ ಮುಂಗಡ ಪಡೆದು ಕಬ್ಬು ಕಡಿಯಲು ಹೋಗುವ ಜೋಡಿಗಳು, ಹೆದ್ದಾರಿ 65ರ ಬಸ್ಸು ಹತ್ತಿ ಪುಣೆಗೋ ಹೈದರಾಬಾದಿಗೋ ಕಟ್ಟಡ ಕೆಲಸಕ್ಕೆ ಹೊರಡುವ ಕುಟುಂಬಗಳು. ಇವರಲ್ಲಿ ಹೆಚ್ಚಿನವರಿಗೆ ಸಂಘವಿಲ್ಲ, ನೇಮಕದ ಪತ್ರವಿಲ್ಲ, ಕೈಗೆ ಬಂದ ಕೂಲಿಗೆ ಚೀಟಿ ಇಲ್ಲ. ಸಂಘವಿಲ್ಲದ ಮನುಷ್ಯ ಮಾಲೀಕನ ಮುಂದೆ ಈಗಲೂ ನಿಂತೇ ಮಾತಾಡುತ್ತಾನೆ.

ಕಾನೂನು ಪೂರ್ತಿ ಬರಿದಾಗಿಲ್ಲ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18 ದಾಟಿ 60 ತುಂಬದ ಯಾವ ಕಾರ್ಮಿಕನೂ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ ಮಕ್ಕಳ ಓದಿಗೆ, ಅಪಘಾತಕ್ಕೆ, ಪಿಂಚಣಿಗೆ ನೆರವು ಪಡೆಯಬಹುದು. ಆದರೆ 2019 ಮತ್ತು 2020ರಲ್ಲಿ ಸಂಸತ್ತು ಹಳೆಯ 29 ಕಾರ್ಮಿಕ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಲ್ಲಿ ಸೇರಿಸಿದೆ. ಮುಷ್ಕರಕ್ಕೆ ಮುಂಚಿತ ನೋಟಿಸ್ ಈಗ ಎಲ್ಲ ಕೈಗಾರಿಕೆಗಳಿಗೂ ಕಡ್ಡಾಯ. ಹಳೆಯ ಹಕ್ಕುಗಳಲ್ಲಿ ಯಾವುದು ಉಳಿಯಿತು, ಯಾವುದು ಕಿರಿದಾಯಿತು ಎಂದು ಓದಿ ತಿಳಿಸುವ ಹೊಣೆ ವಿದ್ಯಾವಂತರ ಮೇಲಿದೆ. ಅಧ್ಯಾಪಕನಾಗಿದ್ದ ಮಖ್ದೂಮ್ ಆ ಹೊಣೆ ಹೊತ್ತಿದ್ದರು.

ಕೊನೆಯದಾಗಿ ಈ ಸಭೆಯಲ್ಲಿ ಮೂರು ವಿನಂತಿ. ಎಂಎಸ್‌ಕೆ ಗಿರಣಿಯಲ್ಲಿ, ಶಹಾಬಾದಿನ ಸಿಮೆಂಟು ಕಾರ್ಖಾನೆಯಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದ ಹಿರಿಯರು ನಿಮ್ಮ ನಂಟರಲ್ಲಿ ಯಾರಾದರೂ ಇದ್ದರೆ, ವಿದ್ಯಾರ್ಥಿಗಳು ಅವರ ಮಾತನ್ನು ಕನ್ನಡದಲ್ಲಿ ಬರೆದಿಡಲಿ. ಆ ತಲೆಮಾರು ಕರಗುತ್ತಿದೆ. ಎರಡನೆಯದು, ಪ್ರತಿ ವರ್ಷ ಗೋರ್ಟಾದ ಹುತಾತ್ಮರನ್ನು ನೆನೆಯುವ ದಿನ ಶೋಯೆಬುಲ್ಲಾ ಖಾನ್ ಮತ್ತು ಮಖ್ದೂಮರ ಹೆಸರನ್ನೂ ಒಮ್ಮೆ ಹೇಳಿ. ಮೂರನೆಯದು, ಈ ಊರಿನಿಂದ ಕೂಲಿಗೆ ಹೊರಡುವ ಒಬ್ಬ ಕಾರ್ಮಿಕನೂ ತನ್ನ ಹೆಸರು ನೋಂದಾಯಿಸದೆ ಊರು ಬಿಡದಂತೆ ಪಂಚಾಯಿತಿ ಮತ್ತು ಯುವಕರು ಸೇರಿ ನೋಡಿಕೊಳ್ಳಿ. ಆ ಪಟ್ಟಿಯೇ ಮುಂದೆ ಒಂದು ಸಂಘವಾಗಲಿ. ಮಖ್ದೂಮರಿಗೆ ಗೋರ್ಟಾ ಸಲ್ಲಿಸಬಹುದಾದ ನಿಜವಾದ ಗೌರವ ಅದು.